ಕಾರಿನ ಗೇರು ಬೀಳುತ್ತಿಲ್ಲ, ಸರಿ. ಆದರೆ ಯಾವಾಗ?

ಪ್ರತಿ ವರ್ಷ ಮಳೆಗಾಲ ಮುಗಿಯುತ್ತಿದ್ದ ಹಾಗೆ ಈ ಅಂಕಣಕ್ಕೆ ಗೇರಿನ ದೂರುಗಳು ಶುರುವಾಗುತ್ತವೆ. ಈ ತಿಂಗಳು ಬಂದ 14 ಪತ್ರಗಳಲ್ಲಿ 11 ಅದೇ. ಅವುಗಳಲ್ಲೂ ಆರರಲ್ಲಿ ಇರುವುದು ಒಂದೇ ಸಾಲು: 'ಗೇರ್ ಟೈಟ್ ಇದೆ, ಏನು ಮಾಡಲಿ?' ಸ್ವಾಮಿ, ಇಷ್ಟೇ ಹೇಳಿದರೆ ನಾನೇನು ಶಾಸ್ತ್ರ ನೋಡಿ ಹೇಳಬೇಕಾ? ಹಾಸನದ ನಮ್ಮ ಗ್ಯಾರೇಜಿಗೆ ಗಾಡಿ ಬಂದರೆ ಬಾನೆಟ್ ಎತ್ತುವ ಮೊದಲು ನಾನು ಮೂರು ವಿಷಯ ಕೇಳುತ್ತೇನೆ. ಎಂಜಿನ್ ಆನ್ ಇದ್ದಾಗ ಮಾತ್ರವೋ, ಆಫ್ ಇದ್ದಾಗಲೂ ಹೀಗೆಯೋ? ಎಲ್ಲ ಗೇರೂ ಬಿಗಿಯೋ, ಒಂದೇ ಗೇರೋ? ಬೆಳಿಗ್ಗೆ ಮಾತ್ರವೋ, ಇಡೀ ದಿನವೋ? ಇಷ್ಟಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಅದನ್ನು ಬರೆದವರ ಪತ್ರಗಳನ್ನೇ ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನದು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 71,000 ಕಿ.ಮೀ. ಓಡಿದೆ. ಎರಡು ತಿಂಗಳಿಂದ, ನಿಂತಲ್ಲಿ ಫಸ್ಟ್ ಗೇರ್ ಹಾಕಲು ಬಲ ಬಿಡಬೇಕು. ರಿವರ್ಸ್ ಹಾಕಿದರೆ 'ಕ್ರರ್ರ್' ಅನ್ನುತ್ತದೆ. ಓಡುವಾಗ ಉಳಿದ ಗೇರುಗಳು ಸ್ವಲ್ಪ ಬಿಗಿ, ಆದರೆ ಸದ್ದಿಲ್ಲದೆ ಬೀಳುತ್ತವೆ. ಒಂದು ಗ್ಯಾರೇಜಿನವರು ಗೇರ್ ಬಾಕ್ಸ್ ಬಿಚ್ಚಬೇಕು, 35,000 ಆಗುತ್ತದೆ ಅಂದರು. ಇನ್ನೊಂದು ಕಡೆ ಕ್ಲಚ್ ಸೆಟ್ ಹಾಕಿಸಿ ಅಂದರು. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ನಾಳೆ ಬೆಳಿಗ್ಗೆ ಮನೆ ಮುಂದಿನ ಮಟ್ಟಸವಾದ ಜಾಗದಲ್ಲಿ ಹತ್ತು ನಿಮಿಷ ಇದನ್ನು ಮಾಡಿ.

ಎಂಜಿನ್ ಆಫ್ ಇರಲಿ. ಕ್ಲಚ್ ಪೂರ್ತಿ ತುಳಿದು ಒಂದರಿಂದ ಐದರವರೆಗೆ, ಆಮೇಲೆ ರಿವರ್ಸ್, ಎಲ್ಲ ಗೇರನ್ನೂ ಹಾಕಿ ತೆಗೆಯಿರಿ. ಒಂದೊಂದು ಸಲ ಒಳಗೆ ಹಲ್ಲಿಗೆ ಹಲ್ಲು ಎದುರಾಗಿ ನಿಂತಿರುತ್ತದೆ, ಆಗ ಬೀಳುವುದಿಲ್ಲ. ನ್ಯೂಟ್ರಲ್‌ಗೆ ತಂದು, ಗಾಡಿಯನ್ನು ಒಂದು ಗೇಣು ಮುಂದಕ್ಕೆ ತಳ್ಳಿ ಮತ್ತೆ ನೋಡಿ. ಎಲ್ಲವೂ ಸಲೀಸಾಗಿ ಬಿದ್ದವಾ? ಈಗ ಎಂಜಿನ್ ಸ್ಟಾರ್ಟ್ ಮಾಡಿ ಅದನ್ನೇ ನಿಂತಲ್ಲೇ ಮಾಡಿ. ಆಫ್ ಇದ್ದಾಗ ಬೆಣ್ಣೆಯಂತೆ ಬಿದ್ದ ಗೇರು ಆನ್ ಮಾಡಿದಾಗ ಮೊಂಡಾಟ ಮಾಡಿದರೆ, ಹೆಚ್ಚುಪಾಲು ತಪ್ಪು ಗೇರ್ ಬಾಕ್ಸಿನದಲ್ಲ. ಕ್ಲಚ್ ಪೂರ್ತಿ ಬಿಡುತ್ತಿಲ್ಲ.

ನೀವು ಪೆಡಲ್ ತುಳಿದಾಗ ಕ್ಲಚ್ ಪ್ಲೇಟು ಎಂಜಿನ್ ಜೊತೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲಿನಿಂದ ಬಿಡಿಸಿಕೊಂಡು ಸುಮ್ಮನಾಗಬೇಕು. ಕೂದಲೆಳೆಯಷ್ಟು ತಾಗಿಕೊಂಡೇ ಇದ್ದರೂ ಗೇರ್ ಬಾಕ್ಸಿನ ಶಾಫ್ಟು ತಿರುಗುತ್ತಲೇ ಇರುತ್ತದೆ. ತಿರುಗುವ ಹಲ್ಲಿಗೆ ನಿಂತ ಹಲ್ಲನ್ನು ಕೂಡಿಸಲು ಹೋದರೆ ಕ್ರರ್ರ್ ಅನ್ನದೆ ಇನ್ನೇನು ಮಾಡೀತು? ಮುಂದಿನ ಗೇರುಗಳಿಗೆ ಸಿಂಕ್ರೋ, ಅಂದರೆ ಹಲ್ಲು ಕೂಡುವ ಮೊದಲು ವೇಗ ಸಮ ಮಾಡುವ ರಿಂಗು, ಇರುವುದರಿಂದ ಅವು ಹೇಗೋ ಸಂಭಾಳಿಸಿಕೊಳ್ಳುತ್ತವೆ. ತುಂಬ ಕಾರುಗಳಲ್ಲಿ ರಿವರ್ಸಿಗೆ ಅದು ಇಲ್ಲ. ಹಾಗಾಗಿ ಕ್ಲಚ್ಚಿನ ದೂರನ್ನು ಮೊದಲು ಕೂಗಿ ಹೇಳುವುದು ರಿವರ್ಸೇ.

ಅನುಮಾನ ಉಳಿದರೆ ಇನ್ನೊಂದು ಪರೀಕ್ಷೆ. ಎಂಜಿನ್ ಐಡಲ್‌ನಲ್ಲಿ, ನ್ಯೂಟ್ರಲ್‌ನಲ್ಲಿ ಇರಲಿ. ಕ್ಲಚ್ ಪೂರ್ತಿ ತುಳಿದು ನಿಧಾನಕ್ಕೆ ಐದು ಎಣಿಸಿ. ಆಮೇಲೆ ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಸರಿ ಇದೆ, ನಿಮಗೇ ಅವಸರ ಜಾಸ್ತಿ. ಐದು ಎಣಿಸಿದ ಮೇಲೂ ಕೂಗಿದರೆ ಕ್ಲಚ್ ಎಳೆಯುತ್ತಿದೆ ಎಂದೇ ಅರ್ಥ.

ಹಾಗಾದರೆ ಕ್ಲಚ್ ಸೆಟ್ ಅಂದವರೇ ಸರಿಯಾ? ತಾಳಿ. ಮೊದಲು ಬಗ್ಗಿ ಕಾಲಿನ ಕೆಳಗೆ ನೋಡಿ. ಹೋದ ವರ್ಷ ಅರಸೀಕೆರೆಯಿಂದ ಒಬ್ಬರು ಬಂದಿದ್ದರು, ನಿಮ್ಮದೇ ದೂರು. ಕ್ಲಚ್ ಸೆಟ್ಟಿಗೆ ದುಡ್ಡನ್ನೂ ಜೋಡಿಸಿಕೊಂಡೇ ಬಂದಿದ್ದರು. ನಾನು ಪೆಡಲ್ ಹತ್ತಿರ ಕೈ ಹಾಕಿದರೆ ದಪ್ಪನೆಯ 7ಡಿ ಮ್ಯಾಟು, ಅದರ ಮೇಲೆ ಮಣ್ಣಾಗಬಾರದೆಂದು ಇನ್ನೊಂದು ರಬ್ಬರ್ ಮ್ಯಾಟು. ಪೆಡಲ್ ಕೆಳಗಿನವರೆಗೆ ಹೋಗಲು ಜಾಗವೇ ಇರಲಿಲ್ಲ. ಎರಡನ್ನೂ ಎಳೆದು ಹೊರಗೆ ಹಾಕಿದೆ, ರಿವರ್ಸ್ ಸದ್ದಿಲ್ಲದೆ ಬಿತ್ತು. ಮುಖ ಕೆಂಪಗೆ ಮಾಡಿಕೊಂಡು ಒಂದು ಟೀ ಕುಡಿಸಿ ಹೋದರು.

ಮ್ಯಾಟಿನ ತಂಟೆ ಇಲ್ಲದಿದ್ದರೆ ಪೆಡಲನ್ನು ಬೆರಳಿನಿಂದ ಒತ್ತಿ ನೋಡಿ. ಮೊದಲು ಸಲೀಸಾಗಿ ಹೋಗುವ ಸಡಿಲು ಜಾಗ ಇದೆಯಲ್ಲ, ಅದಕ್ಕೆ ನಾವು ಪ್ಲೇ ಅನ್ನುತ್ತೇವೆ. ಕೇಬಲ್ ಕ್ಲಚ್ಚಿನ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಅದು 10ರಿಂದ 20 ಮಿ.ಮೀ. ನಿಮ್ಮ ಗಾಡಿಯ ಸರಿಯಾದ ಅಳತೆ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಇದ್ದರೆ ಅದನ್ನೇ ನಂಬಿ. ಪ್ಲೇ ತೀರಾ ಜಾಸ್ತಿಯಾದರೆ ನೀವು ತುಳಿದದ್ದರಲ್ಲಿ ಅರ್ಧ ಸಡಿಲು ಎಳೆಯುವುದಕ್ಕೇ ಖರ್ಚು, ಕ್ಲಚ್ ಬಿಡುವುದಿಲ್ಲ. ಕಡಿಮೆಯಾದರೆ ಉಲ್ಟಾ ಕಥೆ: ಕ್ಲಚ್ ಪೂರ್ತಿ ಹಿಡಿಯುವುದಿಲ್ಲ, ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ. ಇವೆರಡನ್ನೂ ಸೇರಿಸಿ 'ಕ್ಲಚ್ ಹೋಗಿದೆ' ಅಂದುಬಿಡುತ್ತಾರೆ. ಬಿಡದ ಕ್ಲಚ್ ಬೇರೆ, ಹಿಡಿಯದ ಕ್ಲಚ್ ಬೇರೆ.

ಕೇಬಲನ್ನೂ ನೋಡಿಸಿ. ಇದನ್ನು ನಾನು ಕಲಿತದ್ದು ಅವಮಾನ ಮಾಡಿಕೊಂಡು. 1994ರಲ್ಲಿ ನಾನಿನ್ನೂ ಪಾನಾ ಎತ್ತಿಕೊಡುವ ಹುಡುಗ, ಆದರೆ ಎಲ್ಲಾ ಬರುತ್ತದೆ ಅನ್ನುವ ವಯಸ್ಸು. ಮೇಸ್ತ್ರಿ ಊರಲ್ಲಿ ಇರಲಿಲ್ಲ. ಮದುವೆ ಮನೆಯವರ ಕಾರು ಬಂತು, ರಿವರ್ಸ್ ಕೂಗುತ್ತಿತ್ತು. ನಾನು ಗೇರ್ ಬಾಕ್ಸ್ ಇಳಿಸಿಯೇಬಿಟ್ಟೆ. ಸಂಜೆ ಮೇಸ್ತ್ರಿ ಬಂದರು, ನೆಲದ ಮೇಲೆ ಹರಡಿದ್ದ ಸಾಮಾನು ನೋಡಿದರು, ಬಿಚ್ಚಿಟ್ಟಿದ್ದ ಕ್ಲಚ್ ಕೇಬಲ್ ಎತ್ತಿಕೊಂಡು ತುದಿಯನ್ನು ಬೆಳಕಿಗೆ ಹಿಡಿದರು. ಏಳೆಂಟು ಎಳೆ ಕಡಿದು ಮುಳ್ಳಿನ ಹಾಗೆ ಎದ್ದಿದ್ದವು. ಬೈಯಲಿಲ್ಲ. "ಬಿಚ್ಚಿದವನೇ ಕೂಡಿಸಬೇಕು, ಬೆಳಿಗ್ಗೆ ಮುಹೂರ್ತ ಇದೆ" ಅಂದು ಮನೆಗೆ ಹೋದರು. ರಾತ್ರಿ ಮೂರೂವರೆಗೆ ಮುಗಿಸಿದೆ.

ಮ್ಯಾಟು, ಪ್ಲೇ, ಕೇಬಲ್ ಮೂರೂ ಸರಿ ಇದ್ದು ರಿವರ್ಸ್ ಇನ್ನೂ ಕೂಗಿದರೆ ಆಗ ಗೇರ್ ಬಾಕ್ಸ್ ಇಳಿಸಿ ಕ್ಲಚ್ ನೋಡಲೇಬೇಕು. ಇಳಿಸಿದ ಮೇಲೆ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ಒಟ್ಟಿಗೆ ಹಾಕಿಸಿ. ಬೇರಿಂಗಿನಲ್ಲಿ ದುಡ್ಡು ಉಳಿಸಲು ಹೋಗಿ ಆರು ತಿಂಗಳಿಗೆ ಮತ್ತೆ ಇಳಿಸುವ ಕೂಲಿ ಕೊಟ್ಟವರನ್ನು ತುಂಬ ನೋಡಿದ್ದೇನೆ. 35,000ದ ಮಾತು ಸದ್ಯಕ್ಕೆ ಮರೆತುಬಿಡಿ. ಓಡುವಾಗ ಗೇರುಗಳು ಸದ್ದಿಲ್ಲದೆ ಬೀಳುತ್ತಿವೆ, ಯಾವುದೂ ಕಿತ್ತುಕೊಂಡು ನ್ಯೂಟ್ರಲ್‌ಗೆ ಬರುತ್ತಿಲ್ಲ. ಬಾಕ್ಸಿನೊಳಗೆ ಅಂಥದ್ದೇನೂ ಇರಲಾರದು.

ಅಕಸ್ಮಾತ್ ಎಂಜಿನ್ ಆಫ್ ಇದ್ದಾಗಲೂ ಲಿವರ್ ಬಿಗಿಯಾಗಿಯೇ ಇದ್ದರೆ, ಅಥವಾ ಗಂಜಿಯಲ್ಲಿ ಸೌಟು ಆಡಿಸಿದ ಹಾಗೆ ಎತ್ತೆತ್ತಲೋ ಆಡಿದರೆ, ಲಿವರಿನಿಂದ ಬಾಕ್ಸಿಗೆ ಹೋಗುವ ಗೇರ್ ಕೇಬಲ್ಲುಗಳನ್ನೂ ಅವುಗಳ ತುದಿಯ ಪ್ಲಾಸ್ಟಿಕ್ ಬುಶ್ಶುಗಳನ್ನೂ ನೋಡಬೇಕು. ಒಬ್ಬರು ಒಳಗೆ ಕೂತು ಗೇರ್ ಹಾಕಲಿ, ಇನ್ನೊಬ್ಬರು ಬಾನೆಟ್ ಎತ್ತಿ ನೋಡಲಿ. ಬುಶ್ ಸವೆದಿದ್ದರೆ ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಸೆಕೆಂಡ್ ಗೇರ್ ಮಾತ್ರ ತೊಂದರೆ. ಮೂರರಿಂದ ಎರಡಕ್ಕೆ ಇಳಿಸುವಾಗ ಕರಕರ ಸದ್ದು. ಬೆಳಿಗ್ಗೆ ಸ್ಕೂಲಿಗೆ ಹೊರಟಾಗ ಜಾಸ್ತಿ, ಸಂಜೆ ಕಡಿಮೆ. ಬೇರೆ ಗೇರು, ರಿವರ್ಸ್ ಎಲ್ಲ ಚೆನ್ನಾಗಿವೆ. ಸೆಕೆಂಡ್‌ಹ್ಯಾಂಡ್ ಕಾರು, 98,000 ಕಿ.ಮೀ.
– ಶಿಕ್ಷಕಿ, ಮೈಸೂರು

ಉತ್ತರ: ಮೇಡಂ, ನಿಮ್ಮ ಪತ್ರವನ್ನು ನಮ್ಮ ಹುಡುಗರಿಗೆ ಓದಿ ಹೇಳಿದೆ. ದೂರು ಅಂದರೆ ಹೀಗಿರಬೇಕು. ಒಂದೇ ಗೇರು ಅಂದ ಮೇಲೆ ಕ್ಲಚ್ ಅಲ್ಲ. ಕ್ಲಚ್ ಕೆಟ್ಟರೆ ಎಲ್ಲ ಗೇರಿಗೂ ಬಿಸಿ ತಟ್ಟುತ್ತದೆ. ಸೆಕೆಂಡ್ ಗೇರಿನ ಸಿಂಕ್ರೋ ರಿಂಗ್ ಸವೆದಿದೆ.

ಓಡುವ ಬಸ್ಸು ಹತ್ತುವವರನ್ನು ನೋಡಿದ್ದೀರಲ್ಲ. ನಿಂತಲ್ಲಿಂದ ಕಂಬಿಗೆ ಕೈ ಹಾಕಿದರೆ ಮುಖ ಅಡಿಯಾಗಿ ಬೀಳುತ್ತಾರೆ. ನಾಲ್ಕು ಹೆಜ್ಜೆ ಬಸ್ಸಿನ ಜೊತೆಗೇ ಓಡಿ, ವೇಗ ಸಮ ಮಾಡಿಕೊಂಡು ಕಾಲಿಟ್ಟರೆ ಹತ್ತಿಬಿಡುತ್ತಾರೆ. ಸಿಂಕ್ರೋ ರಿಂಗ್ ಮಾಡುವುದು ಆ ನಾಲ್ಕು ಹೆಜ್ಜೆಯ ಕೆಲಸ. ಗೇರಿನ ಪಕ್ಕದ ಕೋನಿಗೆ ತನ್ನನ್ನು ಉಜ್ಜಿಕೊಂಡು ಎರಡರ ವೇಗವನ್ನೂ ಸಮ ಮಾಡುತ್ತದೆ, ಆಮೇಲೆ ಹಲ್ಲು ಕೂಡುತ್ತದೆ. ಸಾಮಾನ್ಯವಾಗಿ ಇದು ಹಿತ್ತಾಳೆಯಂಥ ಮೆದು ಲೋಹದ್ದು. ದಿನಾ ಉಜ್ಜಿದರೆ ಸವೆಯದೆ ಇರುತ್ತದಾ? ಊರೊಳಗೆ ಹಂಪು, ಸಿಗ್ನಲ್ಲು, ದನ ಅಂತ ನಾವು ಅತಿ ಹೆಚ್ಚು ಸಲ ಇಳಿಸುವುದು ಸೆಕೆಂಡಿಗೇ. ಅದಕ್ಕೇ ಮೊದಲು ಅದೇ ಹೋಗುವುದು.

1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಸಿಂಕ್ರೋ ಬರುವ ತನಕ ಈ ಕೆಲಸವನ್ನು ಡ್ರೈವರೇ ಕಾಲಿನಲ್ಲಿ ಮಾಡುತ್ತಿದ್ದ. ನಮ್ಮ ಹಳೇ ಲಾರಿ ಡ್ರೈವರುಗಳು ಅದಕ್ಕೆ ಡಬಲ್ ಕ್ಲಚ್ ಅನ್ನುತ್ತಿದ್ದರು. ನೀವೂ ಖಾಲಿ ರಸ್ತೆಯಲ್ಲಿ ಮಾಡಿ ನೋಡಿ. ಕ್ಲಚ್ ತುಳಿದು ಮೂರರಿಂದ ನ್ಯೂಟ್ರಲ್‌ಗೆ ತನ್ನಿ. ಕ್ಲಚ್ ಬಿಡಿ. ಆಕ್ಸಿಲರೇಟರ್ ಚೂರು ಒತ್ತಿ. ಮತ್ತೆ ಕ್ಲಚ್ ತುಳಿದು ಎರಡಕ್ಕೆ ಹಾಕಿ. ಆಗ ಸದ್ದಿಲ್ಲದೆ ಬಿದ್ದರೆ ಸಿಂಕ್ರೋ ಸವೆದಿದೆ ಎಂದು ಖಾತ್ರಿ ಮಾಡಿಕೊಳ್ಳಿ, ಯಾಕೆಂದರೆ ಅದು ಮಾಡದ ಕೆಲಸವನ್ನು ನೀವು ಮಾಡಿದಿರಿ.

ಆದರೂ ಬಾಕ್ಸ್ ಬಿಚ್ಚುವ ಮೊದಲು ಎಣ್ಣೆ ಬದಲಿಸಿ. ಬೆಳಿಗ್ಗೆ ಜಾಸ್ತಿ, ಸಂಜೆ ಕಡಿಮೆ ಅಂದಿರಿ. ತಣ್ಣಗಿರುವಾಗ ಎಣ್ಣೆ ಗಟ್ಟಿ, ರಿಂಗಿಗೆ ಹಿಡಿತ ಸಿಗುವುದಿಲ್ಲ. ಸೆಕೆಂಡ್‌ಹ್ಯಾಂಡ್ ಗಾಡಿ ಅಂದ ಮೇಲೆ ಒಳಗೆ ಏನು ಹೊಯ್ದಿದ್ದಾರೋ! ಎಂಜಿನ್ ಆಯಿಲನ್ನು ವರ್ಷಕ್ಕೊಮ್ಮೆ ಬದಲಿಸುವವರು ಗೇರ್ ಆಯಿಲನ್ನು ಹುಟ್ಟಿದಾಗಿನಿಂದ ನೋಡಿರುವುದಿಲ್ಲ. ಡಬ್ಬಿಯ ಮೇಲೆ ಎರಡು ವಿಷಯ ನೋಡಿ. ಒಂದು ದಪ್ಪ, 75ಡಬ್ಲ್ಯೂ-90 ಎಂದೋ 80ಡಬ್ಲ್ಯೂ-90 ಎಂದೋ ಇರುತ್ತದೆ. ಇನ್ನೊಂದು ಜಾತಿ, ಜಿಎಲ್-4 ಅಥವಾ ಜಿಎಲ್-5. ಗಾಡಿಯ ಪುಸ್ತಕ ಜಿಎಲ್-4 ಎಂದಿದ್ದರೆ ಅದನ್ನೇ ಹಾಕಿಸಿ. 'ಐದು ಇನ್ನೂ ಒಳ್ಳೇದು ಸಾರ್' ಅನ್ನುವ ಅಂಗಡಿಯವರ ಮಾತು ಕೇಳಬೇಡಿ. ಜಿಎಲ್-5ರಲ್ಲಿ ಗಂಧಕ ರಂಜಕದ ಸೇರಿಕೆ ಜಾಸ್ತಿ. ಚಕ್ರಗಳಿಗೆ ಬಲ ಹಂಚುವ, ಭಾರೀ ಒತ್ತಡದ ಡಿಫರೆನ್ಷಿಯಲ್ಲಿಗೆ ಅದು ಬೇಕು. ಹಿತ್ತಾಳೆ ರಿಂಗಿಗೆ ಅಂಥ ಕೆಲವು ಎಣ್ಣೆಗಳು ಆಗಿಬರುವುದಿಲ್ಲ, ಜಾರಿಕೆಯೂ ಹೆಚ್ಚಾಗಿ ರಿಂಗಿಗೆ ಉಜ್ಜಲು ಹಿಡಿತ ಸಾಲುವುದಿಲ್ಲ.

ಬದಲಿಸುವ ಹುಡುಗನಿಗೆ ಒಂದು ಮಾತು ಹೇಳಿ: ಎಣ್ಣೆ ತುಂಬುವ ಮೇಲಿನ ನಟ್ಟನ್ನು ಮೊದಲು ಬಿಚ್ಚಲಿ, ಆಮೇಲೆ ಕೆಳಗಿನದು. ಕೆಳಗಿನದರಿಂದ ಎಣ್ಣೆ ಎಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಬಿಚ್ಚದೆ ಹೋದರೆ ಗಾಡಿ ಅಲ್ಲೇ ಕೂತುಕೊಳ್ಳುತ್ತದೆ. ಇಳಿದ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಹಾಕಿಸಿ ನೋಡಿ. ನಟ್ಟಿನ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಕೆಸರು ಅಂಟಿದ್ದರೆ ಹೆದರಬೇಡಿ, ಅದು ಸಹಜ ಸವೆತ. ಎಣ್ಣೆಯಲ್ಲಿ ಬಂಗಾರದ ಪುಡಿಯ ಹಾಗೆ ಮಿನುಗಿದರೆ ರಿಂಗು ಕರಗುತ್ತಿದೆ. ಹಲ್ಲಿನ ಚೂರೇ ಸಿಕ್ಕಿದರೆ ಓಡಿಸುವುದನ್ನು ನಿಲ್ಲಿಸಿ.

ಹೊಸ ಎಣ್ಣೆಗೆ ಸದ್ದು ಪೂರ್ತಿ ಹೋಗದೆ ಇರಬಹುದು, ಕಡಿಮೆಯಂತೂ ಆದೀತು. ರಿಂಗು ಹಾಕಿಸಲೇಬೇಕಾದರೆ ಬೇಸಿಗೆ ರಜೆಯ ತನಕ ಕಾಯಬಹುದು, ಬರೀ ಲಿವರನ್ನು ಒದ್ದಾಡಿಸದೆ ಅರೆಕ್ಷಣ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಹಾಕುತ್ತಾ ಬನ್ನಿ.

ಪ್ರಶ್ನೆ: ಡೀಸೆಲ್ ಎಸ್‌ಯುವಿ. ಸಿಗ್ನಲ್ಲಿನಲ್ಲಿ ಫಸ್ಟ್ ಗೇರ್ ಬೀಳುವುದಿಲ್ಲ. ಪೆಡಲನ್ನು ಎರಡು ಮೂರು ಸಲ ಪಟಪಟ ತುಳಿದರೆ ಬೀಳುತ್ತದೆ. ಪೆಡಲ್ ಮೆತ್ತಗೂ ಆಗಿದೆ.
– ಬೆಂಗಳೂರು

ಉತ್ತರ: ತುಳಿದು ತುಳಿದು ಸರಿಹೋಗುತ್ತಿದೆ ಅಂದರೆ ನಿಮ್ಮದು ಕೇಬಲ್ ಅಲ್ಲ, ಎಣ್ಣೆಯ ಒತ್ತಡದಲ್ಲಿ ನಡೆಯುವ ಹೈಡ್ರಾಲಿಕ್ ಕ್ಲಚ್. ಪೈಪಿನೊಳಗೆ ಗಾಳಿ ಸೇರಿದೆ, ಇಲ್ಲವೇ ಸಿಲಿಂಡರಿನ ರಬ್ಬರ್ ಸೀಲು ಸೋತಿದೆ. ತುಂಬ ಗಾಡಿಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬಿಯಿಂದ ಎಣ್ಣೆ ಹೋಗುತ್ತದೆ. ಬಾನೆಟ್ ಎತ್ತಿ ಬ್ರೇಕ್ ಫ್ಲೂಯಿಡ್ ಮಟ್ಟ ನೋಡಿ. ಇಳಿದಿದ್ದರೆ ಸುಮ್ನೆ ಮೇಲೆ ತುಂಬಿಸಿ ಮರೆಯಬೇಡಿ, ಎಲ್ಲಿ ಸೋರುತ್ತಿದೆ ಎಂದು ಹುಡುಕಿಸಿ. ಪೆಡಲಿನ ಮೇಲ್ಗಡೆ ಒಳಗೆ ಒದ್ದೆಯಾಗಿದ್ದರೆ ಮಾಸ್ಟರ್ ಸಿಲಿಂಡರ್, ಗೇರ್ ಬಾಕ್ಸಿನ ಹತ್ತಿರ ಒದ್ದೆಯಾಗಿದ್ದರೆ ಸ್ಲೇವ್ ಸಿಲಿಂಡರ್. ಕೆಲವು ಮಾದರಿಗಳಲ್ಲಿ ಸ್ಲೇವ್ ಸಿಲಿಂಡರ್ ಕ್ಲಚ್ ಮನೆಯ ಒಳಗೇ ಕೂತಿರುತ್ತದೆ, ಅದಾದರೆ ಬಾಕ್ಸ್ ಇಳಿಸುವ ಖರ್ಚು ತಪ್ಪಿದ್ದಲ್ಲ. ಎಲ್ಲೂ ಸೋರಿಕೆ ಕಾಣದಿದ್ದರೆ ಹಳೇ ಎಣ್ಣೆ ತೆಗೆದು ಹೊಸದು ಹಾಕಿ ಗಾಳಿ ತೆಗೆಸಿ. ಈ ಎಣ್ಣೆ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ತುಂಬ ದಿನ ತಳ್ಳಬೇಡಿ. ಬ್ರೇಕಿನ ಎಣ್ಣೆಯ ವಿಷಯ ಇದು.

ಪ್ರಶ್ನೆ: ಮೂರು ತಿಂಗಳು ದುಬೈನಲ್ಲಿ ಮಗಳ ಮನೆಯಲ್ಲಿದ್ದೆವು. ಇಡೀ ಮಳೆಗಾಲ ಕಾರು ಶೆಡ್ಡಿನಲ್ಲಿತ್ತು. ಬ್ಯಾಟರಿ ಹೊಸದು ಹಾಕಿಸಿ ಸ್ಟಾರ್ಟ್ ಮಾಡಿದೆ. ಆದರೆ ಯಾವ ಗೇರೂ ಬೀಳುತ್ತಿಲ್ಲ. ಗೇರಿನಲ್ಲಿಟ್ಟು ಸ್ಟಾರ್ಟ್ ಮಾಡಿದರೆ ಕ್ಲಚ್ ತುಳಿದಿದ್ದರೂ ಕಾರು ಜಿಗಿಯುತ್ತದೆ. ಹೋಗುವಾಗ ಚೆನ್ನಾಗಿತ್ತು.
– ನಿವೃತ್ತ ಬ್ಯಾಂಕ್ ನೌಕರರು, ಉಡುಪಿ

ಉತ್ತರ: ಏನೂ ಕೆಟ್ಟಿಲ್ಲ, ಅಂಟಿಕೊಂಡಿದೆ ಅಷ್ಟೆ. ಕರಾವಳಿಯ ತೇವಕ್ಕೆ ಫ್ಲೈವೀಲಿನ ಮುಖ ತುಕ್ಕು ಹಿಡಿದು ಕ್ಲಚ್ ಪ್ಲೇಟನ್ನು ಕಚ್ಚಿಕೊಂಡಿದೆ. ಆಗಸ್ಟಿನಿಂದ ಇಂಥ ನಾಲ್ಕು ಗಾಡಿ ನೋಡಿದ್ದೇನೆ, ಎರಡು ಕಾಫಿ ತೋಟದವು.

ಬಿಡಿಸುವ ಉಪಾಯ ಇದೆ, ಆದರೆ ನೀವೊಬ್ಬರೇ ಮಾಡಬೇಡಿ. ಅನುಭವ ಇರುವ ಮೆಕ್ಯಾನಿಕ್ಕನ್ನು ಕರೆಸಿ, ಎದುರು ಗೋಡೆ, ಮಕ್ಕಳು, ನಾಯಿ ಯಾವುದೂ ಇಲ್ಲದ ಮೈದಾನಕ್ಕೆ ಗಾಡಿ ತಳ್ಳಿಸಿ. ಎಂಜಿನ್ ಬಿಸಿ ಮಾಡಿ ಆಫ್ ಮಾಡುತ್ತಾರೆ. ಸೆಕೆಂಡ್ ಗೇರಿನಲ್ಲಿಟ್ಟು, ಕ್ಲಚ್ ತುಳಿದೇ ಸ್ಟಾರ್ಟ್ ಮಾಡುತ್ತಾರೆ. ಗಾಡಿ ಹೊರಡುತ್ತದೆ. ಕ್ಲಚ್ ತುಳಿದೇ ಇದ್ದು, ಆಕ್ಸಿಲರೇಟರ್ ಒಮ್ಮೆ ಒತ್ತಿ ಒಮ್ಮೆ ಬಿಟ್ಟು, ನಡುವೆ ಬ್ರೇಕ್ ತಾಗಿಸಿದರೆ ಟಪ್ ಅಂತ ಬಿಡಿಸಿಕೊಳ್ಳುತ್ತದೆ. ನಾಲ್ಕೈದು ಸಲಕ್ಕೂ ಬಿಡದಿದ್ದರೆ ಹಟ ಬೇಡ, ಬಾಕ್ಸ್ ಇಳಿಸಿ ಮುಖ ಉಜ್ಜಿಸುವುದೇ ದಾರಿ.

ಶೆಡ್ಡಿಗೆ ನೀರು ನುಗ್ಗಿತ್ತಾ ಎಂದು ನೀವು ಬರೆದಿಲ್ಲ. ನುಗ್ಗಿದ್ದರೆ ಗೇರ್ ಆಯಿಲ್ ಕೂಡ ನೋಡಿಸಿ. ಗೇರ್ ಬಾಕ್ಸಿಗೆ ಉಸಿರಾಡಲು ಮೇಲೆ ಒಂದು ಸಣ್ಣ ರಂಧ್ರ ಇರುತ್ತದೆ, ಅಷ್ಟು ಎತ್ತರ ನೀರು ನಿಂತರೆ ಒಳಗೆ ಹೋಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ ನೀರು ನಿಂತಾಗ ಮುಳುಗಿದ ಕಾರೊಂದು ಇಲ್ಲಿಯ ತನಕ ಬಂದಿತ್ತು. ಎಂಜಿನ್ ಎಲ್ಲ ಸರಿ ಮಾಡಿಸಿದ್ದರು, ಗೇರ್ ಬಾಕ್ಸ್ ಯಾರೂ ಮುಟ್ಟಿರಲಿಲ್ಲ. ಕೆಳಗಿನ ನಟ್ಟು ಬಿಚ್ಚಿದರೆ ಹಾಲು ಹಾಕಿದ ಕಾಫಿ ಸುರಿಯಿತು. ಅಷ್ಟರಲ್ಲಿ ಬೇರಿಂಗುಗಳ ಕಥೆ ಮುಗಿದಿತ್ತು.

ಪ್ರಶ್ನೆ: ನನ್ನ ಮಗ ಸದಾ ಎಡಗೈಯನ್ನು ಗೇರ್ ಲಿವರ್ ಮೇಲೆ ಇಟ್ಟುಕೊಂಡೇ ಓಡಿಸುತ್ತಾನೆ. ಕೆಡುತ್ತದೆ ಅಂದರೆ ನಗುತ್ತಾನೆ. ನೀವೇ ಹೇಳಿ.
– ತಂದೆ, ದಾವಣಗೆರೆ

ಉತ್ತರ: ಈ ಪುಟವನ್ನು ಮಗನಿಗೆ ತೋರಿಸಿ. ಲಿವರಿನ ಕೆಳಗೆ ಒಂದು ಫೋರ್ಕ್ ಇದೆ. ಅದು ತಿರುಗುವ ಸ್ಲೀವನ್ನು ತಳ್ಳಿ ಗೇರ್ ಕೂಡಿಸುತ್ತದೆ. ಕೂಡಿದ ಮೇಲೆ ಅದು ಸ್ಲೀವಿಗೆ ಒತ್ತದೆ ಸುಮ್ಮನಿರಬೇಕು. ಕೈ ಭಾರ ಬಿದ್ದರೆ ಗಂಟೆಗಟ್ಟಲೆ ಉಜ್ಜುತ್ತಲೇ ಇರುತ್ತದೆ. ನಾಳೆಯೇ ಕೆಡುವುದಿಲ್ಲ, ಅವನು ನಗುವುದು ಅದಕ್ಕೇ. ಅಂದ ಹಾಗೆ ನೀವು ಎಡಗಾಲನ್ನು ಎಲ್ಲಿ ಇಡುತ್ತೀರಿ? ಕ್ಲಚ್ ಪೆಡಲ್ ಮೇಲೆಯೇ ಇಟ್ಟು ಹಾಫ್ ಕ್ಲಚ್ಚಿನಲ್ಲಿ ಓಡಿಸುವ ತಂದೆಯರೂ ನನ್ನ ಗಿರಾಕಿಗಳೇ. ಮಗನ ಕೈಗಿಂತ ಆ ಕಾಲು ದುಬಾರಿ.

ಪ್ರಶ್ನೆ: ಈ ಕ್ಲಚ್ ತಲೆನೋವೇ ಬೇಡ ಅಂತ ಕ್ಲಚ್ ಪೆಡಲ್ ಇಲ್ಲದ ಎಎಂಟಿ ಕಾರು ತೆಗೆದುಕೊಳ್ಳುತ್ತಿದ್ದೇನೆ. ಸರಿ ತಾನೇ?
– ಕಲಬುರಗಿ

ಉತ್ತರ: ತೆಗೆದುಕೊಳ್ಳಿ, ಎಡಗಾಲಿಗೆ ಆರಾಮ. ಆದರೆ ಒಳಗೆ ಅದೇ ಕ್ಲಚ್ ಪ್ಲೇಟು, ಅದೇ ಗೇರ್ ಬಾಕ್ಸು. 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ನಮ್ಮಲ್ಲಿ ಜನಪ್ರಿಯವಾದ ಈ ವ್ಯವಸ್ಥೆಯಲ್ಲಿ ನಿಮ್ಮ ಕಾಲು, ಕೈ ಮಾಡುವ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ, ಅಷ್ಟೇ. ಚಡಾವಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಲ್ಲೇ ನಿಲ್ಲಿಸಿಕೊಂಡರೆ ಇದರ ಕ್ಲಚ್ಚೂ ಸುಡುತ್ತದೆ.

ಪ್ರಶ್ನೆ: ಎಲ್ಲರಿಗೂ ಹೇಳುತ್ತೀರಲ್ಲ, ನಿಮ್ಮ ಸ್ವಂತ ಕಾರಿನ ಗೇರ್ ಹೇಗಿದೆ?
– ಚನ್ನರಾಯಪಟ್ಟಣ

ಉತ್ತರ: ಹೋದ ದೀಪಾವಳಿಯಿಂದ ಸೆಕೆಂಡ್ ಗೇರಿಗೆ ಡಬಲ್ ಕ್ಲಚ್ ಹೊಡೆಯುತ್ತಿದ್ದೇನೆ. ರಿಂಗು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದು ಡಿಕ್ಕಿಯಲ್ಲೇ ಇಟ್ಟುಕೊಂಡಿದ್ದೇನೆ. ಹಾಕಲು ಪುರುಸೊತ್ತಿಲ್ಲ.